ಹಂಪೆಯಲ್ಲಿ ಒಂದು ಚೌಕದ ಚಿತ್ರ

ಹಂಪೆಗೆ ಹೋಗುವವರಲ್ಲಿ ಎರಡು ಬಗೆ ಉಂಟು. ಮೊದಲ ಸಲ ಹೋಗುವವರು ಹಂಪೆಯನ್ನು ನೋಡಲೆಂದು ಹೋಗುತ್ತಾರೆ. ಬಹುಕಾಲದ ಮೇಲೆ ಎರಡನೆಯ ಸಲ ಹೋಗುವವರು, ತಾವು ಹಿಂದೆ ನೋಡಿದ್ದು ಇನ್ನೂ ಅಲ್ಲಿಯೇ ಇದೆಯೇ ಎಂದು ನೋಡಿಬರಲು ಹೋಗುತ್ತಾರೆ. 2024ರ ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಹಂಪಿ ಎಕ್ಸ್‌ಪ್ರೆಸ್ಸಿನಿಂದ ಹೊಸಪೇಟೆಯ ನಿಲ್ದಾಣದಲ್ಲಿ ಇಳಿದ ಇಬ್ಬರು ಪ್ರಯಾಣಿಕರಲ್ಲಿ ಒಬ್ಬಳು ಮೊದಲ ಬಗೆಯವಳು. ಇನ್ನೊಬ್ಬರು ಎರಡನೆಯ ಬಗೆಯವರು. ಆಕೆ ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗಿ. ಜೊತೆಯಲ್ಲಿದ್ದವರು ಅವಳ ತಾತ. ಎಪ್ಪತ್ತೇಳು ವರ್ಷದ ವೃದ್ಧರು. ಚಾಮರಾಜಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಫೋಟೋ ಸ್ಟುಡಿಯೋ ನಡೆಸಿ, ನೂರಾರು ಮನೆಗಳ ಮದುವೆ ಮುಂಜಿ ನಾಮಕರಣಗಳನ್ನು ಚೌಕಟ್ಟಿನೊಳಗೆ ಕೂರಿಸಿ, ಕಾಲ ಬದಲಾದಾಗ ಸದ್ದಿಲ್ಲದೆ ಅಂಗಡಿಯ ಬಾಗಿಲು ಹಾಕಿದವರು.

ತಾತನಿಗೆ ಹಂಪೆ ಹೊಸದಲ್ಲ. 1971ರಲ್ಲಿ, ಮದುವೆಯಾದ ಮರುವರ್ಷ, ಹೆಂಡತಿಯನ್ನು ಕರೆದುಕೊಂಡು ಅವರು ಇಲ್ಲಿಗೆ ಬಂದಿದ್ದರು. ಆಗ ಅವರ ಕೈಯಲ್ಲಿದ್ದದ್ದು ಆಗ್ಫಾ ಕ್ಲಿಕ್ ಥ್ರೀ ಎಂಬ ಸಾಮಾನ್ಯ ಕ್ಯಾಮರಾ. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚಿತ್ರ. ಪ್ರತಿಯೊಂದೂ ಅಚ್ಚುಕಟ್ಟಾದ ಚೌಕ. ಹನ್ನೆರಡರಲ್ಲಿ ಹನ್ನೊಂದು ದೇವರಿಗೆ, ಕಲ್ಲಿಗೆ, ನದಿಗೆ ಸಂದುವು. ಒಂದು ಮಾತ್ರ ಹೆಂಡತಿಯದು. ಆಕೆ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಅಂಗೈಗಿಂತ ಚಿಕ್ಕದಾದ ಆ ಚಿತ್ರದ ಪ್ರತಿ ಈಗ ತಾತನ ಜೇಬಿನ ಡೈರಿಯೊಳಗೆ ಕುಳಿತು ಎರಡನೆಯ ಸಲ ಹಂಪೆಗೆ ಬಂದಿತ್ತು.

ಮೊಮ್ಮಗಳ ಕೈಯಲ್ಲಿದ್ದದ್ದು ಮೊಬೈಲ್ ಫೋನು. ಅಷ್ಟೇ ಅಲ್ಲ, ರೈಲಿನಲ್ಲಿ ನಿದ್ರೆ ಬಾರದೆ ಕುಳಿತಿದ್ದ ತಾತನ ಫೋನನ್ನೂ ಈಸಿಕೊಂಡು, ಅದರಲ್ಲಿ ಇನ್‌ಸ್ಟಾಗ್ರಾಮನ್ನು ಇಳಿಸಿಕೊಟ್ಟಿದ್ದಳು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರು ಬೇಕು. ಒಬ್ಬರ ಹೆಸರು ಇನ್ನೊಬ್ಬರಿಗೆ ಸಿಕ್ಕದು. ತಾತನ ಹೆಸರಿನವರು ಆಗಲೇ ಅಲ್ಲಿ ಬೇಕಾದಷ್ಟು ಮಂದಿ ನೆಲಸಿದ್ದರಿಂದ ಹೆಸರಿನ ಬಾಲಕ್ಕೆ ಹುಟ್ಟಿದ ವರ್ಷವನ್ನು ಕಟ್ಟಬೇಕಾಯಿತು.

“1947 ಅಂತ ಹಾಕಿದೀಯಲ್ಲ ಮಗು, ಜನ ನನ್ನನ್ನ ಸ್ವಾತಂತ್ರ್ಯ ಹೋರಾಟಗಾರ ಅಂದುಕೊಂಡಾರು!” ಎಂದು ತಾತ ನಕ್ಕರು. ಹೊಸದೊಂದನ್ನು ಕಲಿಯುವ ಉತ್ಸಾಹಕ್ಕಿಂತ ಹೆಚ್ಚಾಗಿ, ತಮ್ಮ ಕಸುಬನ್ನು ನುಂಗಿದ್ದು ಎಂಥದೆಂದು ಒಮ್ಮೆ ಹತ್ತಿರದಿಂದ ನೋಡಿಬಿಡುವ ಕುತೂಹಲವೇ ಆ ನಗೆಯಲ್ಲಿತ್ತು.

ಕೋಣೆಯೇ ಕ್ಯಾಮರಾ

ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಬಾಳೆ ಕಬ್ಬುಗಳ ಹಸುರು ದಾರಿಯುದ್ದಕ್ಕೂ ಬೆನ್ನು ಹತ್ತಿ ಬರುತ್ತದೆ. ಕಡ್ಡಿರಾಂಪುರ ದಾಟುತ್ತಲೇ ಬಂಡೆಗಳ ಲೋಕ ತೆರೆದುಕೊಳ್ಳುತ್ತದೆ. ಯಾರೋ ಆಟವಾಡುತ್ತ ಒಂದರ ಮೇಲೊಂದು ಪೇರಿಸಿ, ಆಟ ಮುಗಿಯುವ ಮೊದಲೇ ಎದ್ದುಹೋದಂತೆ ಕಾಣುವ ಆ ಹೆಬ್ಬಂಡೆಗಳ ನಡುವೆ, ತುಂಗಭದ್ರೆಯ ದಕ್ಷಿಣ ದಂಡೆಯಲ್ಲಿ, ವಿರೂಪಾಕ್ಷನ ಗೋಪುರ ಎದ್ದು ನಿಲ್ಲುತ್ತದೆ. ಒಂಬತ್ತು ನೆಲೆಯ, ಸುಮಾರು 50 ಮೀಟರ್ ಎತ್ತರದ ಈ ಗೋಪುರ ಎಷ್ಟು ದೂರಕ್ಕಾದರೂ ಕಾಣುತ್ತದೆ. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾದರೂ ಇಲ್ಲಿಯ ಪೂಜೆ ನಿಲ್ಲಲಿಲ್ಲ. ಹಾಳು ಹಂಪೆಯ ನಡುವೆ ಬಾಳುವ ಹಂಪೆ ಇದು.

ಗೋಪುರದ ಎದುರಿಗಿನ ರಥಬೀದಿಯನ್ನು ಕಂಡು ತಾತ ಒಂದು ಗಳಿಗೆ ದಾರಿ ತಪ್ಪಿದವರಂತೆ ನಿಂತರು. 1971ರಲ್ಲಿ ಇಕ್ಕೆಲದ ಕಲ್ಲುಮಂಟಪಗಳೊಳಗೆ ಅಂಗಡಿಗಳಿದ್ದುವು, ಸಂಸಾರಗಳಿದ್ದುವು. ಒಂದು ಕಂಬದ ಮಗ್ಗುಲಲ್ಲಿ ಇಬ್ಬರೂ ಇಡ್ಲಿ ತಿಂದು ಕಾಫಿ ಕುಡಿದಿದ್ದರು. 2011ರಲ್ಲಿ ಅವೆಲ್ಲವನ್ನೂ ತೆರವು ಮಾಡಿಸಲಾಯಿತು. ಈಗ ಕಂಬಗಳು ಮಾತ್ರ ಸಾಲಾಗಿ ನಿಂತಿವೆ. ಪ್ರಾಚೀನ ಬೀದಿಗೆ ಅದರ ಗಾಂಭೀರ್ಯ ಮರಳಿತೆನ್ನಬಹುದು. ಕಾಫಿಯ ಪರಿಮಳ ಮಾತ್ರ ಮರಳಲಾರದು.

ದೇವಾಲಯದೊಳಗೆ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರಲ್ಲಿ, ಕಟ್ಟಿಸಿದ ರಂಗಮಂಟಪವಿದೆ. ಅದರ ಚಾವಣಿಯ ವರ್ಣಚಿತ್ರಗಳನ್ನು ಮೊಮ್ಮಗಳು ಕತ್ತೆತ್ತಿ ನೋಡುತ್ತಿರುವಾಗಲೇ ತಾತ ಅವಳ ಕೈ ಹಿಡಿದು ಗರ್ಭಗುಡಿಯ ಹಿಂಬದಿಗೆ ಕರೆದೊಯ್ದರು. ಅಲ್ಲೊಂದು ಕತ್ತಲೆಯ ಕೋಣೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಎದುರಿನ ಗೋಡೆಯ ಮೇಲೆ ಮಸುಕಾದ ನೆರಳೊಂದು ಬಿದ್ದಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅದು ಗೋಪುರವೆಂದು ತಿಳಿಯುತ್ತದೆ. ಶಿಖರ ಕೆಳಗೆ, ಬುಡ ಮೇಲೆ. ಹೊರಗೆ ಆಕಾಶಕ್ಕೆ ಏರಿ ನಿಂತ ಬೃಹತ್ ಗೋಪುರ ಇಲ್ಲಿ ತಲೆಕೆಳಗಾಗಿ, ಕೈಯಗಲದ ಸುಣ್ಣದ ಗೋಡೆಯ ಮೇಲೆ ತಣ್ಣಗೆ ಮಲಗಿದೆ.

ಬೆಳಕು ನೆಟ್ಟಗೆ ಸಾಗುವುದೆಂಬುದೇ ಇದರ ಮರ್ಮ. ಶಿಖರದಿಂದ ಹೊರಟ ಕಿರಣ ಕಿಂಡಿಯೊಳಗೆ ನುಸುಳಿ ಗೋಡೆಯ ಕೆಳಭಾಗವನ್ನು ಮುಟ್ಟುತ್ತದೆ. ಬುಡದಿಂದ ಬಂದದ್ದು ಮೇಲ್ಭಾಗಕ್ಕೆ ಹೋಗುತ್ತದೆ. ಮಸೂರವಿಲ್ಲ, ಫಿಲ್ಮಿಲ್ಲ, ಗುಂಡಿಯಿಲ್ಲ. ಬಿಸಿಲಿದ್ದಷ್ಟು ಹೊತ್ತು ಚಿತ್ರವಿದೆ. ಬಿಸಿಲು ಹೋದರೆ ಚಿತ್ರವೂ ಹೋಯಿತು.

“ಲ್ಯಾಟಿನ್ ಭಾಷೆಯಲ್ಲಿ ಕ್ಯಾಮರಾ ಅಂದರೆ ಕೋಣೆ ಕಣಮ್ಮ. ನಾವು ಈಗ ಕ್ಯಾಮರಾದೊಳಗೇ ನಿಂತಿದೀವಿ,” ಎಂದರು ತಾತ.

ಮೊಮ್ಮಗಳು ಗೋಡೆಯ ನೆರಳನ್ನು ಫೋನಿನಲ್ಲಿ ಹಿಡಿದಳು. ಚಿತ್ರ ನಿಚ್ಚಳವಾಗಿ ಬಾರದೆ ಬೂದುಬಣ್ಣದ ಕಲೆಯಂತೆ ಕಂಡಿತು. “ಇದು ಯಾರಿಗೂ ಅರ್ಥವಾಗೋಲ್ಲ ತಾತ,” ಎಂದು ಅಳಿಸಿಬಿಟ್ಟಳು. ಹೊರಗೆ ಬಂದು ಗೋಪುರವನ್ನೇ ನೇರವಾಗಿ ತೆಗೆಯುವಂತೆ ತಾತನಿಗೆ ಹೇಳಿದಳು. ಅವರ ಮೊದಲನೆಯ ಇನ್‌ಸ್ಟಾಗ್ರಾಮ್ ಚಿತ್ರ ಅದಾಗಬೇಕೆಂದು ತೀರ್ಮಾನವಾಯಿತು.

ತಪ್ಪುಗಳ ಮಾರಾಟ

ಇನ್‌ಸ್ಟಾಗ್ರಾಮಿನ ಹುಟ್ಟು ಸ್ವಾರಸ್ಯಕರವಾದುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೆವಿನ್ ಸಿಸ್ಟ್ರಾಮ್ ಮತ್ತು ಮೈಕ್ ಕ್ರೀಗರ್ ಎಂಬಿಬ್ಬರು ತರುಣರು ಬೇರೊಂದು ಉದ್ದೇಶದ ಆ್ಯಪ್ ತಯಾರಿಸಿ, ಅದರಲ್ಲಿ ಜನಕ್ಕೆ ಹಿಡಿಸಿದ್ದು ಚಿತ್ರ ಹಂಚಿಕೊಳ್ಳುವ ಸೌಕರ್ಯವೊಂದೇ ಎಂದು ಕಂಡುಕೊಂಡು, ಉಳಿದುದನ್ನು ಕಿತ್ತೆಸೆದರು. ಸಿಸ್ಟ್ರಾಮ್ 2010ರ ಜುಲೈಯಲ್ಲಿ ಮೆಕ್ಸಿಕೋ ದೇಶದ ಟೋಡೋಸ್ ಸಾಂಟೋಸ್ ಎಂಬ ಊರಿನಲ್ಲಿ ವಿರಾಮಕ್ಕೆಂದು ತಂಗಿದ್ದಾಗ, ಅವನ ಗೆಳತಿ, ತಾನು ತೆಗೆದ ಚಿತ್ರಗಳು ಚೆನ್ನಾಗಿರವಾದ್ದರಿಂದ ನಾಲ್ಕು ಜನಕ್ಕೆ ತೋರಿಸಲು ಮನಸ್ಸು ಬಾರದೆಂದಳಂತೆ. ಚಿತ್ರದ ಮೇಲೆ ಬಣ್ಣದ ತೆಳುಪರದೆ ಎಳೆದು ಅಂದಗೊಳಿಸುವ ಫಿಲ್ಟರು ಅಲ್ಲಿ ಹುಟ್ಟಿತು. ಅಲ್ಲಿಯೇ ಅವನು ಹಾಕಿದ ಪ್ರಥಮ ಚಿತ್ರದಲ್ಲಿದ್ದದ್ದು ಬೀದಿಯ ಒಂದು ನಾಯಿ ಮತ್ತು ಗೆಳತಿಯ ಪಾದ! ಅದೇ ವರ್ಷದ ಅಕ್ಟೋಬರಿನಲ್ಲಿ ಸಾರ್ವಜನಿಕರ ಕೈಸೇರಿದ ಈ ವಸ್ತುವನ್ನು 2012ರಲ್ಲಿ ಫೇಸ್‌ಬುಕ್ ನೂರು ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಆಗ ಅಲ್ಲಿ ದುಡಿಯುತ್ತಿದ್ದವರು ಹದಿಮೂರೇ ಮಂದಿ. ಬಳಸುವವರ ಸಂಖ್ಯೆ 2018ರಲ್ಲಿ ನೂರು ಕೋಟಿಯನ್ನು ಮುಟ್ಟಿತು. 2015ರವರೆಗೂ ಅದು ಚೌಕದ ಚಿತ್ರಗಳನ್ನಲ್ಲದೆ ಬೇರೆಯದನ್ನು ಒಪ್ಪುತ್ತಿರಲಿಲ್ಲವೆಂಬುದನ್ನು ಕೇಳಿ, ಆಗ್ಫಾ ಕ್ಲಿಕ್ಕಿನ ಒಡೆಯರಿಗೆ ಹಳೆಯ ನೆಂಟನೊಬ್ಬ ಎದುರಾದಷ್ಟು ಸಂತೋಷವಾಯಿತು.

ಆದರೆ ಫಿಲ್ಟರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಅವರ ಹುಬ್ಬು ಗಂಟಿಕ್ಕಿತು. ಒಂದರಲ್ಲಿ ಗೋಪುರಕ್ಕೆ ಹಳದಿ ಛಾಯೆ ಏರಿತು. ಮತ್ತೊಂದರಲ್ಲಿ ಬಣ್ಣ ಸೋರಿಹೋಗಿ ಬಿಸಿಲಿಗೆ ಇಟ್ಟ ಹಳೆಯ ಚಿತ್ರದಂತೆ ಪೇಲವವಾಯಿತು. ಇನ್ನೊಂದರಲ್ಲಿ ನಾಲ್ಕು ಮೂಲೆಗಳೂ ಕಪ್ಪಾದುವು.

“ನೋಡು, ಹೈಪೋ ಸರಿಯಾಗಿ ತೊಳೀದೇ ಇದ್ದರೆ ಪ್ರಿಂಟು ಹೀಗೆ ಹಳದಿ ತಿರುಗ್ತಿತ್ತು. ಅಗ್ಗದ ಲೆನ್ಸ್ ಆದರೆ ಹೀಗೆ ಮೂಲೆ ಕಪ್ಪಾಗ್ತಿತ್ತು. ಇಂಥದೊಂದು ತಪ್ಪಾದರೆ ಗಿರಾಕಿ ದುಡ್ಡು ಕೊಡದೆ ಜಗಳಕ್ಕೆ ಬರ್ತಿದ್ದ. ನಾನು ಜನ್ಮವೆಲ್ಲ ಯಾವುದು ಬರಬಾರದು ಅಂತ ಒದ್ದಾಡಿದೆನೋ ಅದನ್ನೇ ಇವರು ಸಾಲಾಗಿ ಜೋಡಿಸಿಟ್ಟು ಆರಿಸಿಕೋ ಅಂತಾರಲ್ಲ!”

ಕೊನೆಗೆ ಯಾವ ಫಿಲ್ಟರೂ ಇಲ್ಲದೆ ಗೋಪುರ ಹೇಗಿತ್ತೋ ಹಾಗೆಯೇ ಪ್ರಕಟವಾಯಿತು. ಊರಿನ ಹೆಸರಿನ ಜಾಗದಲ್ಲಿ ಹಂಪೆಯೆಂದು ಮೊಮ್ಮಗಳು ಸೇರಿಸಿದಳು. ಹಾಗೆ ಸೇರಿಸಿದರೆ ಹಂಪೆಯ ಚಿತ್ರಗಳನ್ನು ಹುಡುಕುವ ಯಾರ ಕಣ್ಣಿಗಾದರೂ ಅದು ಬೀಳಬಹುದು.

ವಿರೂಪಾಕ್ಷನ ಗುಡಿಯಿಂದ ವಿಠ್ಠಲನ ಗುಡಿಗೆ ನದಿಯ ಪಕ್ಕದ ಕಾಲುದಾರಿ ಇಡೀ ಹಂಪೆಯಲ್ಲಿಯೇ ಅತ್ಯಂತ ರಮ್ಯವಾದುದು. ಒಂದು ಮಗ್ಗುಲಿಗೆ ಬಂಡೆಗಳನ್ನು ಬಳಸಿ ಹರಿಯುವ ತುಂಗಭದ್ರೆ. ಇನ್ನೊಂದು ಮಗ್ಗುಲಿಗೆ ಮಾತಂಗ ಪರ್ವತ. ನಡುವೆ ಅಚ್ಯುತರಾಯನ ದೇವಾಲಯಕ್ಕೆ ಅಗಲುವ ದಾರಿ. ಹೊಳೆಯಲ್ಲಿ ಬುಟ್ಟಿಯಂಥ ಹರಿಗೋಲುಗಳು ತಿರುಗುತ್ತ ಸಾಗುತ್ತವೆ. ಈ ದಾರಿಯಲ್ಲಿ ನಡೆಯುತ್ತಿದ್ದಾಗ ತಾತನ ಫೋನು ಮೇಲಿಂದ ಮೇಲೆ ಮಿಡಿಯತೊಡಗಿತು. ಯಾರೋ ಗೋಪುರದ ಚಿತ್ರವನ್ನು ಮೆಚ್ಚಿ ಹೃದಯದ ಗುರುತನ್ನು ಒತ್ತಿದ್ದರು. ಅವರ ಹಿಂದೆ ಇನ್ನೊಬ್ಬರು. ಅವರ ಹಿಂದೆ ಮತ್ತಿಬ್ಬರು. ಯಾವ ಊರಿನವರೋ, ಯಾವ ಭಾಷೆಯವರೋ. ನಾಲ್ವರಂತೂ ಮುಂದಿನ ಚಿತ್ರಗಳನ್ನೂ ನೋಡಬೇಕೆಂದು ಅನುಯಾಯಿಗಳಾಗಿಯೇ ಸೇರಿಕೊಂಡರು. ಸ್ಟುಡಿಯೋದಲ್ಲಿ ಗಿರಾಕಿ ಚಿತ್ರವನ್ನು ಲಕೋಟೆಯಿಂದ ತೆಗೆದು, ಮುಖವನ್ನು ಹತ್ತಿರ ಹಿಡಿದು, ‘ಪರವಾಗಿಲ್ಲ’ ಎಂಬ ಒಂದು ಮಾತು ಹೇಳುವುದಕ್ಕೆ ಎರಡು ದಿನ ಕಾಯುತ್ತಿದ್ದವರಿಗೆ ಈ ಕ್ಷಿಪ್ರಪ್ರಶಂಸೆ ಬಿಸಿ ಬಿಸಿ ಜಿಲೇಬಿಯಂತಿತ್ತು.

“ತಾತ, ಅಲ್ಲಿ ನೋಡಿ, ಮಿಂಚುಳ್ಳಿ!” ಎಂದಳು ಮೊಮ್ಮಗಳು. ನೀಲಿಯ ಕಿಡಿಯೊಂದು ಬಂಡೆಯಿಂದ ನೀರಿಗೆರಗಿ ಮೀನನ್ನು ಕಚ್ಚಿ ಹಾರಿಹೋಯಿತು.

“ಹದಿನೇಳು ಆಯಿತು,” ಎಂದರು ತಾತ, ಫೋನಿನಿಂದ ತಲೆಯೆತ್ತದೆ.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಈ ದೂರನ್ನು ಇಷ್ಟು ವರ್ಷವೂ ಹೇಳುತ್ತಿದ್ದವರು ಹಿರಿಯರು, ಕೇಳುತ್ತಿದ್ದವಳು ಹುಡುಗಿ. ತಾತ ನಾಚಿ ಫೋನನ್ನು ಜೇಬಿಗಿಳಿಸಿದರು. ಆದರೂ ಮುಂದಿನ ಮಂಟಪದವರೆಗೆ ಅವರ ಕೈ ಎರಡು ಸಲ ಜೇಬಿನ ಕಡೆಗೆ ಹೋಗಿ ಹಿಂದಿರುಗಿದುದನ್ನು ಮೊಮ್ಮಗಳು ಗಮನಿಸಿಯೂ ಸುಮ್ಮನಿದ್ದಳು.

ರಥದ ಮೇಲಿಲ್ಲದ ಶಿಖರ

ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಾಣದ ಭಾರತೀಯರು ವಿರಳ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಬೆನ್ನಿನ ಮೇಲೆ ಅದು ಊರೂರು ಸುತ್ತುತ್ತಿದೆ. ರಥವೆಂದು ಹೆಸರಾದರೂ ಅದು ವಿಠ್ಠಲನೆದುರಿಗಿನ ಗರುಡನ ಗುಡಿ. ಒಂದು ಕಾಲಕ್ಕೆ ಅಚ್ಚಿನ ಮೇಲೆ ತಿರುಗುತ್ತಿದ್ದ ಚಕ್ರಗಳನ್ನು, ಸವೆಯದಿರಲೆಂದು, ಕದಲದಂತೆ ಬಿಗಿಯಲಾಗಿದೆ. ಮುಂದೆ ನಿಂತಿರುವ ಆನೆಗಳು ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲಗಳ ಕುರುಹು ಇಂದಿಗೂ ಕಾಣುತ್ತದೆ.

ರಥದ ಸುತ್ತ ಜನಜಾತ್ರೆಯೇ ನೆರೆದಿತ್ತು. ಎಲ್ಲರೂ ಹೆಚ್ಚುಕಡಿಮೆ ಒಂದೇ ಸ್ಥಳದಲ್ಲಿ, ಒಂದೇ ಕೋನದಲ್ಲಿ, ಒಂದೇ ಭಂಗಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮೊಮ್ಮಗಳು ಇನ್‌ಸ್ಟಾಗ್ರಾಮಿನಲ್ಲಿ ಹಂಪೆಯ ಹೆಸರನ್ನು ಒತ್ತಿ ತೋರಿಸಿದಳು. ಬೆರಳಿನಿಂದ ನೂಕಿದಷ್ಟೂ ರಥಗಳು ಬಂದುವು: ಉದಯದ ರಥ, ಅಸ್ತಮಾನದ ರಥ, ಮದುಮಕ್ಕಳ ಹಿಂದಿನ ರಥ, ಅಂಗೈ ಮೇಲೆ ಕೂತಂತೆ ಕಾಣುವ ರಥ.

“ಎಲ್ಲವೂ ಒಂದೇ ಥರ ಇವೆಯಲ್ಲ! ಇಷ್ಟೊಂದು ಇದ್ದು ಏನು ಉಪಯೋಗ?” ಎಂದರು ತಾತ.

ಆ ಪ್ರಶ್ನೆಗೆ ಉತ್ತರವೋ ಎಂಬಂತೆ ಮೊಮ್ಮಗಳು ಇನ್ನೊಂದು ಚಿತ್ರವನ್ನು ಹುಡುಕಿ ಮುಂದೆ ಹಿಡಿದಳು. ಅದು 1856ರದು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಆ ವರ್ಷ ಹಂಪೆಯ ಹಾಳುಗಳ ನಡುವೆ ದೊಡ್ಡ ಕ್ಯಾಮರಾವನ್ನು ಹೊತ್ತು ತಿರುಗಿ ಚಿತ್ರಗಳನ್ನು ತೆಗೆದನು. ಫಿಲ್ಮು ಇನ್ನೂ ಹುಟ್ಟಿರದ ಕಾಲ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವ್. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಮಸೂರವನ್ನು ತೆರೆದಿಟ್ಟು ಕಾಯಬೇಕಾಗಿತ್ತು. ಕದಲಿದ್ದು ಮೂಡುತ್ತಿರಲಿಲ್ಲ; ನಿಂತದ್ದು ಮಾತ್ರ ನಿಲ್ಲುತ್ತಿತ್ತು. ಆ ಕಾಗದಗಳು ನೂರಕ್ಕೂ ಹೆಚ್ಚು ವರ್ಷ ಮರೆವಿನಲ್ಲಿದ್ದು, ಬಹಳ ತಡವಾಗಿ ವಿದ್ವಾಂಸರ ಕಣ್ಣಿಗೆ ಬಿದ್ದುವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದನು.

ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಇಂದು ಐವತ್ತು ರೂಪಾಯಿಯ ನೋಟಿನಲ್ಲಾಗಲಿ, ಲಕ್ಷಾಂತರ ಚೌಕಗಳಲ್ಲಾಗಲಿ ಕಾಣದ ಶಿಖರ ಅದು. ಮುಂದೆ ಯಾವಾಗಲೋ ಅದನ್ನು ತೆಗೆದುಹಾಕಿದರು. ನಾವು ರಥವೆಂದು ನೋಡುತ್ತಿರುವುದು ಕಿರೀಟ ಕಳಚಿದ ರಥ. ಒಂದು ಕಾಗದ ಉಳಿದಿದ್ದರಿಂದ ಅದರ ತಲೆಯ ಮೇಲೆ ಏನಿತ್ತೆಂಬುದು ಇಂದು ಕಣ್ಣಿಗೆ ಕಾಣುವಂತಾಗಿದೆ.

ತಾತ ಬಹಳ ಹೊತ್ತು ಆ ಚಿತ್ರವನ್ನು ನೋಡಿದರು. “ಇವನು ಸರಿಯಾಗಿ ತೊಳೆದಿದ್ದಾನೆ,” ಎಂದರು ಮೆಲ್ಲಗೆ. ಕಸುಬಿನವನಿಂದ ಕಸುಬಿನವನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇರಲಾರದು.

ಆಮೇಲೆ ಜೇಬಿನ ಡೈರಿಯನ್ನು ತೆರೆದು ತಮ್ಮ ಚಿತ್ರವನ್ನು ಹೊರಗೆ ತೆಗೆದರು. ಮೊಮ್ಮಗಳು ಅದನ್ನು ನೋಡುತ್ತಿರುವುದು ಅದೇ ಮೊದಲು. ಬಲಗೈಯನ್ನು ರಥದ ಚಕ್ರದ ಮೇಲಿಟ್ಟು, ಗಾಳಿಗೆ ಹಾರುವ ಸೆರಗನ್ನು ಎಡಗೈಯಿಂದ ಹಿಡಿದು, ಇಪ್ಪತ್ತು ವರ್ಷದ ಹೆಂಗಸೊಬ್ಬಳು ಬಾಯಿತುಂಬ ನಗುತ್ತಿದ್ದಾಳೆ. ಆ ಕಾಲದ ಚಿತ್ರಗಳಲ್ಲಿ ಯಾರೂ ನಗುತ್ತಿರಲಿಲ್ಲ, ಅದರಲ್ಲಿಯೂ ಹೆಂಗಸರು. ಮೊಮ್ಮಗಳಿಗೆ ಗೊತ್ತಿದ್ದ ಅಜ್ಜಿ ತುಟಿ ಬಿಗಿಹಿಡಿದು, ಕನ್ನಡಕದ ಮೇಲಿನಿಂದ ನೋಡುವ ಅಜ್ಜಿ. ಈಕೆ ಬೇರೆ ಯಾರೋ.

“ನಾನು ಅದೇ ಜಾಗದಲ್ಲಿ, ಹಾಗೇ ನಿಂತುಕೊಳ್ತೀನಿ ತಾತ. ತೆಗೀರಿ. ಎರಡನ್ನೂ ಪಕ್ಕದಲ್ಲಿ ಪಕ್ಕದಲ್ಲಿ ಹಾಕೋಣ.”

ಆದರೆ ಹಾಗೆ ನಿಲ್ಲಲು ಸಾಧ್ಯವಿರಲಿಲ್ಲ. ರಥದ ಸುತ್ತ ತಡೆ ಕಟ್ಟಿದ್ದಾರೆ, ಚಕ್ರವನ್ನು ಮುಟ್ಟುವಂತಿಲ್ಲ. ಪಕ್ಕದ ಮಹಾಮಂಟಪದ ಸ್ವರ ಹೊಮ್ಮಿಸುವ ಕಂಬಗಳನ್ನೂ ತಟ್ಟುವಂತಿಲ್ಲ. ಈ ಬಿಗಿಗೆ ಕಾರಣವಿಲ್ಲದೆ ಇಲ್ಲ. 2019ರ ಆರಂಭದಲ್ಲಿ ಕೆಲವು ತರುಣರು ಹಂಪೆಯ ಕಲ್ಲುಕಂಬವೊಂದನ್ನು ನೂಕಿ ಕೆಡವಿ, ಆ ದೃಶ್ಯ ಮೊಬೈಲುಗಳಲ್ಲಿ ಹರಡಿ, ದೇಶವೆಲ್ಲ ನೊಂದಿತು. ನ್ಯಾಯಾಲಯ ಅವರಿಗೆ ದಂಡ ವಿಧಿಸಿತಲ್ಲದೆ ಆ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಿತು. ಆದರೆ ನೂಕುವ ಕೈಗಿಂತ ಸವರುವ ಕೈಗಳ ಸಂಖ್ಯೆ ದೊಡ್ಡದು. ದಿನಕ್ಕೆ ನೂರಾರು ಮಂದಿ, ವರ್ಷಗಟ್ಟಲೆ, ಪ್ರೀತಿಯಿಂದಲೇ ಮುಟ್ಟಿದರೂ ಕಲ್ಲು ಸವೆಯುತ್ತದೆ.

ತಡೆಯ ಈಚೆ ನಿಂತು ತಾತ ಚಕ್ರವನ್ನು ನೋಡಿದರು. ಕೈಯಲ್ಲಿದ್ದ ಚಿತ್ರವನ್ನು ನೋಡಿದರು. “ನಿಮ್ಮಜ್ಜಿ ಕೈಯೂ ಅದರಲ್ಲಿ ಒಂದು. ಇಡು ಅಂತ ಹೇಳಿದವನು ನಾನು,” ಎಂದರು.

ಗಾಜಿನ ಪೆಟ್ಟಿಗೆಯ ನಿಯಮ

ಸಂಜೆ ಇಬ್ಬರೂ ಹೇಮಕೂಟವನ್ನು ಹತ್ತಿ ಬಂಡೆಯ ಮೇಲೆ ಕುಳಿತರು. ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದನು. ಕೆಳಗೆ ವಿರೂಪಾಕ್ಷನ ಗೋಪುರ ಹೊಂಬಣ್ಣಕ್ಕೆ ತಿರುಗಿತ್ತು. ಯಾವ ಫಿಲ್ಟರೂ ಅದಕ್ಕೆ ಬೇಕಾಗಿರಲಿಲ್ಲ. ಮೊಮ್ಮಗಳು ಅಜ್ಜಿಯ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಂಡಿದ್ದಳು. ತನ್ನ ಖಾತೆಯಲ್ಲಿ ಅದನ್ನು ಹಾಕಲೇ ಎಂದು ಕೇಳಿದಳು. ಅವಳ ಚಿತ್ರಗಳನ್ನು ನೋಡುವವರು ಒಂದೂವರೆ ಸಾವಿರ ಮಂದಿ.

ತಾತ ಕೂಡಲೇ ಉತ್ತರ ಕೊಡಲಿಲ್ಲ. ಅವರ ಸ್ಟುಡಿಯೋದ ಮುಂದೆ, ಬೀದಿಗೆ ಮುಖಮಾಡಿ, ಒಂದು ಗಾಜಿನ ಪೆಟ್ಟಿಗೆ ಇತ್ತು. ಚೆನ್ನಾಗಿ ಬಂದ ಚಿತ್ರಗಳನ್ನು ದೊಡ್ಡದು ಮಾಡಿ ಅದರಲ್ಲಿ ಇಡುವುದು ಕಸುಬಿನವರೆಲ್ಲರ ವಾಡಿಕೆ. ಆದರೆ ಒಂದು ನಿಯಮವನ್ನು ಅವರು ತಪ್ಪಿದವರಲ್ಲ. ಚಿತ್ರದಲ್ಲಿರುವವರನ್ನು ಕೇಳದೆ ಯಾವ ಮುಖವನ್ನೂ ಆ ಪೆಟ್ಟಿಗೆಯಲ್ಲಿ ಇಟ್ಟವರಲ್ಲ. ‘ಅಪ್ಪ ಒಪ್ಪಿದಾರೆ’, ‘ಗಂಡ ಒಪ್ಪಿದಾರೆ’ ಎಂದರೂ ಸಾಲದು, ಆಕೆಯೇ ಒಪ್ಪಬೇಕು.

“ಈ ಚಿತ್ರ ತೊಳೆದು ತೋರಿಸಿದಾಗ ನಿಮ್ಮಜ್ಜಿ, ‘ಅಯ್ಯೋ, ಹಲ್ಲೆಲ್ಲ ಕಾಣುತ್ತೆ, ಯಾರಿಗೂ ತೋರಿಸಬೇಡಿ’ ಅಂದಳು. ಆವತ್ತಿನಿಂದ ನಾನು ಯಾರಿಗೂ ತೋರಿಸಿಲ್ಲ. ನಿಮ್ಮಪ್ಪನಿಗೂ ಗೊತ್ತಿಲ್ಲ. ಈಗ ಅವಳನ್ನ ಎಲ್ಲಿ ಹೋಗಿ ಕೇಳಲಿ?”

ಹುಡುಗಿಯ ಬಳಿ ಇದಕ್ಕೆ ಸಿದ್ಧವಾದ ಉತ್ತರವಿರಲಿಲ್ಲ. ಇಪ್ಪತ್ತನಾಲ್ಕು ಗಂಟೆ ಮಾತ್ರ ಇದ್ದು ಆಮೇಲೆ ಕಣ್ಮರೆಯಾಗುವಂತೆಯೂ ಹಾಕಬಹುದೆಂದಳು. ಅದಕ್ಕೆ ‘ಸ್ಟೋರಿ’ ಎಂದು ಹೆಸರು. ತಾತ ತಲೆಯಾಡಿಸಿದರು. “ಅದು ಹೈಪೋಗೆ ಹಾಕದ ಪ್ರಿಂಟು ಇದ್ದಹಾಗೆ. ಬೆಳಕಿಗೆ ಬಂತು, ಕಪ್ಪಾಯಿತು. ಐವತ್ತಮೂರು ವರ್ಷ ಉಳಿಸಿದ್ದನ್ನ ಒಂದು ದಿವಸಕ್ಕೆ ಯಾಕೆ ಕೊಡಲಿ?”

ಬಹಳ ಯೋಚಿಸಿ ಹುಡುಗಿ ಬೇರೊಂದು ದಾರಿ ಹೇಳಿದಳು. ತಾತನ ಖಾತೆಯನ್ನೇ ಖಾಸಗಿಯಾಗಿ ಮಾಡಬಹುದು. ಆಗ ಅವರು ಒಪ್ಪಿದವರಲ್ಲದೆ ಇನ್ನಾರೂ ಒಳಗೆ ಬರಲಾರರು. ಬೀದಿಯ ಗಾಜಿನ ಪೆಟ್ಟಿಗೆಯಲ್ಲ, ಮನೆಯ ನಡುಮನೆಯ ಗೋಡೆ. ಬೆಳಗ್ಗೆ ಸೇರಿಕೊಂಡಿದ್ದ ನಾಲ್ವರು ಅಪರಿಚಿತರನ್ನು ತೆಗೆದರು. ಉಳಿದವರನ್ನು ತಾತ ಬೆರಳು ಮಡಿಸಿ ಎಣಿಸಿದರು: ಮಗ, ಸೊಸೆ, ಶಿವಮೊಗ್ಗದ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ತುಮಕೂರಿನಲ್ಲಿರುವ ಹೆಂಡತಿಯ ತಂಗಿ. ಒಟ್ಟು ಏಳು ಜನ. ಇವರಲ್ಲಿ ಯಾರೊಬ್ಬರಿಂದಲೂ ಆಕೆ ಏನನ್ನಾದರೂ ಮುಚ್ಚಿಟ್ಟವಳೇ ಎಂದು ತಾತ ತಮ್ಮನ್ನು ತಾವೇ ಕೇಳಿಕೊಂಡರು.

ಕತ್ತಲಾಗುವ ಮುನ್ನ ಚಿತ್ರ ಪ್ರಕಟವಾಯಿತು. ಕೆಳಗೆ ಏನು ಬರೆಯಲೆಂದು ಕೇಳಿದಾಗ ತಾತ, “ಹಂಪೆ, 1971” ಎಂದಷ್ಟೇ ಬರೆಸಿದರು. ಪ್ರತಿ ನೆಗೆಟಿವಿನ ಲಕೋಟೆಯ ಮೇಲೂ ಅವರು ಬರೆಯುತ್ತಿದ್ದದ್ದು ಅಷ್ಟೇ: ಊರು, ವರ್ಷ.

ತುಮಕೂರಿನಿಂದ ಬಂದ ಮಾತು

ರಾತ್ರಿ ಹೊಸಪೇಟೆಯ ವಸತಿಗೃಹದಲ್ಲಿ ಊಟ ಮುಗಿಸಿ ಮಲಗುವ ಹೊತ್ತಿಗೆ ಫೋನು ಮಿಡಿಯಿತು. ಮಗ ಒಂದು ಹೃದಯವನ್ನು ಒತ್ತಿದ್ದನು. ಮಗಳು, “ಅಮ್ಮ ಹೀಗೆ ನಗ್ತಿದ್ದಳಾ!” ಎಂದು ಬರೆದಿದ್ದಳು. ಅದರ ಕೆಳಗೆ ತುಮಕೂರಿನ ಮಾತು. ವಯಸ್ಸಾದ ಕೈ, ನಿಧಾನವಾಗಿ, ಅಕ್ಷರ ಅಕ್ಷರವಾಗಿ, ಕನ್ನಡದಲ್ಲಿಯೇ ಒತ್ತಿ ಬರೆದಂತಿತ್ತು. ಮೊಮ್ಮಗಳು ಗಟ್ಟಿಯಾಗಿ ಓದಿದಳು:

“ಭಾವ, ಈ ಫೋಟೋ ನಾನು ನೋಡಿಯೇ ಇರಲಿಲ್ಲ. ಅಕ್ಕ ಹೇಳಿದ್ದಳು ಅಷ್ಟೆ. ನೀವು ಕ್ಯಾಮರಾ ಹಿಡಿದುಕೊಂಡು ನಗಬೇಡ, ನಗಬೇಡ ಅಂತ ಗದರಿಸ್ತಾ ಇದ್ದಿರಂತೆ. ಅದಕ್ಕೇ ನಗು ತಡೆಯೋಕೆ ಆಗಲಿಲ್ಲವಂತೆ. ನನಗೊಂದು ಪ್ರತಿ ಕೊಡಿಸು ಅಂತ ಎಷ್ಟೋ ಸಲ ಕೇಳಿದ್ದೆ. ನಿಮ್ಮ ಭಾವನಿಗೆ ಅದನ್ನ ಯಾರಿಗೂ ತೋರಿಸೋಕೆ ಇಷ್ಟವಿಲ್ಲ ಕಣೇ, ನಾನು ಹಲ್ಲು ಬಿಟ್ಟಿದೀನಿ ಅಂತ ಅವರಿಗೆ ಬೇಜಾರು ಅಂದಿದ್ದಳು.”

ತಾತ ಮತ್ತೊಮ್ಮೆ ಓದಿಸಿದರು. ಆಮೇಲೆ ಫೋನನ್ನು ತಾವೇ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೂರನೆಯ ಸಲ ಓದಿದರು. ಆಕೆ ನಾಚಿಕೆಯಿಂದ ಆಡಿದ ಒಂದು ಮಾತನ್ನು ಅವರು ಆಜ್ಞೆಯೆಂದು ಪಾಲಿಸಿದರು; ಅವರ ಪಾಲನೆಯನ್ನು ಆಕೆ ಅಸಮಾಧಾನವೆಂದು ತಿಳಿದಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಊಟವುಂಡು, ಇಬ್ಬರೂ ಆ ಚಿತ್ರವನ್ನು ಒಬ್ಬರಿಗಾಗಿ ಒಬ್ಬರು ಅರ್ಧ ಶತಮಾನ ಬಚ್ಚಿಟ್ಟಿದ್ದರು. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಊರವರನ್ನೆಲ್ಲ ಕೇಳಿ ಗಾಜಿನ ಪೆಟ್ಟಿಗೆಯಲ್ಲಿಟ್ಟವರು ಮನೆಯವಳನ್ನು ಎರಡನೆಯ ಸಲ ಕೇಳಲಿಲ್ಲ.

“ಹೌದು, ನಗಬೇಡ ಅಂದಿದ್ದೆ,” ಎಂದರು ಕಡೆಗೆ. “ಕ್ಯಾಮರಾ ಎತ್ತಿದ ತಕ್ಷಣ ಬಾಯಿಗೆ ಬರ್ತಿದ್ದ ಮಾತು ಅದು. ಅದಕ್ಕೇ ನಕ್ಕಳು ಅಂತ ನನಗೆ ಗೊತ್ತೇ ಇರಲಿಲ್ಲ.”

ಉತ್ತರ ಬರೆಯಲು ಮೊಮ್ಮಗಳು ಕೈನೀಡಿದಳು. ತಾತ ಕೊಡಲಿಲ್ಲ. ತೋರುಬೆರಳೊಂದರಿಂದಲೇ, ತಪ್ಪಿದ ಅಕ್ಷರವನ್ನು ಅಳಿಸಿ ಮತ್ತೆ ಒತ್ತುತ್ತ, ಒಂದು ಸಾಲನ್ನು ಬರೆಯಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ನೆಗೆಟಿವ್ ಮನೆಯಲ್ಲಿದೆ, ನಿನಗೊಂದು ಪ್ರತಿ ಮಾಡಿಸಿ ತರುತ್ತೇನೆ ಎಂದು ಬರೆದರು.

ಮರುದಿನ ಬೆಳಗ್ಗೆ ಕಮಲಾಪುರದ ಕಡೆಗೆ ಹೋಗಿ ಕಮಲಮಹಲು, ಆನೆಲಾಯಗಳನ್ನು ನೋಡಿ, ರಾತ್ರಿಯ ರೈಲಿಗೆ ಮರಳುವುದೆಂದು ಗೊತ್ತಾಗಿತ್ತು. ಹೊರಡುವ ಮೊದಲು ತಾತ ಇನ್ನೊಮ್ಮೆ ವಿರೂಪಾಕ್ಷನ ಗುಡಿಗೆ ಹೋಗಬೇಕೆಂದರು. ಆ ಕತ್ತಲೆಯ ಕೋಣೆಯಲ್ಲಿ ಹುಬ್ಬಳ್ಳಿಯ ಕಡೆಯ ಸಂಸಾರವೊಂದು ನಿಂತಿತ್ತು. ನೆರಳು ಎಲ್ಲಿದೆಯೆಂದು ಅವರ ಪುಟ್ಟ ಹುಡುಗನಿಗೆ ತಿಳಿದಿರಲಿಲ್ಲ. ತಾತ ತಮ್ಮ ಬಿಳಿಯ ಕರವಸ್ತ್ರವನ್ನು ಬಿಡಿಸಿ ಗೋಡೆಯ ಮುಂದೆ ಚಾಚಿ ಹಿಡಿದರು. ಗೋಪುರ ಬಂದು ಅದರ ಮೇಲೆ ತಲೆಕೆಳಗಾಗಿ ನಿಂತಿತು. ಹುಡುಗ ಕತ್ತನ್ನು ಓರೆಮಾಡಿ, ಬಗ್ಗಿ, ಕಾಲುಗಳ ಸಂದಿನಿಂದ ಅದನ್ನು ನೆಟ್ಟಗೆ ನೋಡಲು ಹೊರಟಾಗ ಎಲ್ಲರೂ ನಕ್ಕರು. ಮೊಮ್ಮಗಳ ಕೈ ಫೋನಿನ ಕಡೆಗೆ ಹೋಯಿತು. ಆಮೇಲೆ ಅವಳು ಆ ಹುಡುಗನ ತಾಯಿಯ ಕಡೆಗೆ ತಿರುಗಿ, “ಒಂದು ಫೋಟೋ ತೆಗೆಯಲಾ?” ಎಂದು ಕೇಳಿದಳು.